ಮೈಸೂರು ಯುದ್ಧಗಳ ಹಳೆಯ ಕೆತ್ತನೆಚಿತ್ರಗಳನ್ನು ಶುಭಾಶಯ ಪತ್ರಗಳಾಗಿ ಅಚ್ಚು ಹಾಕಿಸಬಹುದೇ?

ಕೋಟೆಬೀದಿ:
ನಮಸ್ಕಾರ. ಲಂಡನ್ನಿನಿಂದ ಬಂದ ನೆಂಟರೊಬ್ಬರು ನನಗೆ ನಾಲ್ಕು ಶುಭಾಶಯ ಪತ್ರಗಳನ್ನು ತಂದುಕೊಟ್ಟಿದ್ದಾರೆ. ಒಂದರ ಮೇಲೆ 1799ರಲ್ಲಿ ಟಿಪ್ಪು ಸುಲ್ತಾನ್ ಮಡಿಯುವ ದೃಶ್ಯವಿದೆ. ಇನ್ನೊಂದರಲ್ಲಿ 1792ರಲ್ಲಿ ಅವನ ಇಬ್ಬರು ಮಕ್ಕಳನ್ನು ಕಾರ್ನ್‌ವಾಲಿಸನಿಗೆ ಒತ್ತೆಯಾಗಿ ಒಪ್ಪಿಸುವ ದೃಶ್ಯ. ಹಿಂಬದಿಯಲ್ಲಿ ‘ಹಳೆಯ ಕೆತ್ತನೆಚಿತ್ರ’ ಎಂಬುದನ್ನು ಬಿಟ್ಟರೆ ಬೇರೆ ವಿವರವಿಲ್ಲ. ಇದೇ ಕಾಲದ ಚಿತ್ರಗಳನ್ನು ಆರಿಸಿ, ನಮ್ಮ ಓದುಗರ ಬಳಗಕ್ಕಾಗಿ ರಾಜ್ಯೋತ್ಸವದ ಹೊತ್ತಿಗೆ ಇನ್ನೂರು ಪತ್ರಗಳನ್ನು ಅಚ್ಚು ಹಾಕಿಸಬೇಕೆಂದಿದ್ದೇನೆ. ಇವು ಕಣ್ಣಾರೆ ಕಂಡು ಬರೆದ ಚಿತ್ರಗಳೇ? ಗೆರೆಗಳು ಕಲಸಿಹೋಗದಂತೆ ಅಚ್ಚಾಗಬೇಕಾದರೆ ಏನು ಮಾಡಬೇಕು?

ಪಟಸಂಗ್ರಾಹಕ:
ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗುವಂತಿಲ್ಲ. ಟಿಪ್ಪುವಿನ ಕೊನೆಯ ಹೋರಾಟವನ್ನು ಚಿತ್ರಿಸಿದ ಹೆನ್ರಿ ಸಿಂಗಲ್‌ಟನ್ ಲಂಡನ್ನಿನ ಕಲಾವಿದ; ಶ್ರೀರಂಗಪಟ್ಟಣದ ಮುತ್ತಿಗೆಯ ದೃಶ್ಯವನ್ನು 1800ರಲ್ಲಿ ಬೃಹತ್ ಪಟವಾಗಿ ಬರೆದು ಲಂಡನ್ನಿನ ಲೈಸಿಯಂ ಎಂಬ ಸಭಾಂಗಣದಲ್ಲಿ ಪ್ರದರ್ಶಿಸಿದ ರಾಬರ್ಟ್ ಕೆರ್ ಪೋರ್ಟರ್ ಕೂಡ ಆ ಯುದ್ಧವನ್ನು ಕಂಡವನಲ್ಲ. ಆ ಪಟವನ್ನು ಆಧರಿಸಿ ವೆಂಡ್ರಮಿನಿ ಮಾಡಿದ ಕೆತ್ತನೆಗಳಿಂದಲೇ ಇಂಗ್ಲೆಂಡಿನ ಮನೆಗಳಿಗೆ ಶ್ರೀರಂಗಪಟ್ಟಣದ ಕಲ್ಪನೆ ತಲುಪಿತು. ರಾಬರ್ಟ್ ಹೋಮ್‌ನ ಮಾತು ಬೇರೆ. ಅವನು 1791ರಲ್ಲಿ ಕಾರ್ನ್‌ವಾಲಿಸನ ಸೈನ್ಯದ ಜೊತೆಗೇ ಮೈಸೂರು ಸೀಮೆಯಲ್ಲಿ ಸುತ್ತಿದವನು, ತಾನೇ ಬರೆದ ಒತ್ತೆಮಕ್ಕಳ ವರ್ಣಚಿತ್ರದ ಎಡ ಅಂಚಿನಲ್ಲಿ ಕಂಕುಳಲ್ಲಿ ಚಿತ್ರಗಳ ಕಟ್ಟು ಇಟ್ಟುಕೊಂಡು ನಿಂತಿರುವವನೂ ಅವನೇ. ಆದರೆ ಇದೇ ಪ್ರಸಂಗವನ್ನು ಭಾರತಕ್ಕೆ ಬಾರದ ಮ್ಯಾಥರ್ ಬ್ರೌನ್ ಕೂಡ ಚಿತ್ರಿಸಿರುವುದರಿಂದ, ನಿಮ್ಮಲ್ಲಿರುವುದು ಯಾರದೆಂದು ಚಿತ್ರದ ಕೆಳಗಿನ ಅಕ್ಷರಗಳನ್ನು ನೋಡಿಯೇ ಹೇಳಬೇಕು. ಸಾಮಾನ್ಯವಾಗಿ ಎಡಮೂಲೆಯಲ್ಲಿ ಚಿತ್ರಕಾರನ ಹೆಸರು, ಬಲಮೂಲೆಯಲ್ಲಿ ಕೆತ್ತಿದವನ ಹೆಸರು ಇರುತ್ತದೆ. ಅದರ ಕೆಳಗೆ ಪ್ರಕಾಶಕನ ಹೆಸರು ಮತ್ತು ತಾರೀಖು ಇರುತ್ತವೆ. 1735ರ ಬ್ರಿಟಿಷ್ ಕಾನೂನಿನ ಪ್ರಕಾರ ಹಕ್ಕುಸ್ವಾಮ್ಯ ಉಳಿಯಬೇಕಾದರೆ ಅವನ್ನು ಅಚ್ಚಿನ ತಗಡಿನ ಮೇಲೆಯೇ ಕೆತ್ತಬೇಕಾಗಿತ್ತು. ಪತ್ರ ಮಾಡುವವರು ಮೊದಲು ಕತ್ತರಿಸಿ ಎಸೆಯುವುದು ಈ ಸಾಲನ್ನೇ!

ಮೊಳೆಜೋಡಿ:
ಅಚ್ಚಿನ ಬಗ್ಗೆ ನನ್ನ ಅನುಭವ ಹೇಳುತ್ತೇನೆ. ತಾಮ್ರದ ತಗಡಿನಲ್ಲಿ ಕೊರೆದ ಗೆರೆಯೊಳಗೆ ಮಸಿ ತುಂಬಿ, ಒದ್ದೆ ಕಾಗದವನ್ನು ಮೇಲಿಟ್ಟು ಬಲವಾಗಿ ಒತ್ತುವುದರಿಂದ ಮೂಲಪ್ರತಿಯಲ್ಲಿ ಮಸಿ ಕಾಗದದ ಮೇಲೆ ತುಸು ಉಬ್ಬಿ ನಿಲ್ಲುತ್ತದೆ. ಆಫ್‌ಸೆಟ್ ಅಚ್ಚಿನಲ್ಲಿ ಆ ಗೆರೆಯೇ ಸಣ್ಣ ಚುಕ್ಕೆಗಳಾಗಿ ಒಡೆಯುತ್ತದೆ. ಹೀಗೆ ಚುಕ್ಕೆಗಳಾಗಿ ಅಚ್ಚಾದ ಪುಸ್ತಕದ ಪುಟವನ್ನು ನೀವು ಮತ್ತೆ ಸ್ಕ್ಯಾನ್ ಮಾಡಿ ಅಚ್ಚಿಗೆ ಕೊಟ್ಟರೆ, ಹಳೆಯ ಚುಕ್ಕೆಯೂ ಹೊಸ ಚುಕ್ಕೆಯೂ ಒಂದಕ್ಕೊಂದು ಅಡ್ಡಬಂದು ಆಕಾಶದ ಭಾಗವೆಲ್ಲ ಸೀರೆಯ ಚೌಕುಳಿಯಂತೆ ಕಾಣುತ್ತದೆ. ಒಮ್ಮೆ ನಾನೇ ಹೀಗೆ ಐನೂರು ಪ್ರತಿ ಹಾಳು ಮಾಡಿದ್ದೇನೆ. ಆದ್ದರಿಂದ ಮೂಲಪ್ರತಿಯ ದೊಡ್ಡ ಡಿಜಿಟಲ್ ಚಿತ್ರವನ್ನೇ ಬಳಸಿ. ಯೇಲ್ ವಿಶ್ವವಿದ್ಯಾಲಯದ ಬ್ರಿಟಿಷ್ ಕಲಾ ಕೇಂದ್ರವು ಹಕ್ಕುಸ್ವಾಮ್ಯ ಮುಗಿದ ಅನೇಕ ಚಿತ್ರಗಳನ್ನು ಉಚಿತವಾಗಿ ಒದಗಿಸುತ್ತದೆ. ದೊಡ್ಡ ಚಿತ್ರವನ್ನು ಇಡಿಯಾಗಿ ಅಂಗೈಯಗಲಕ್ಕೆ ಕುಗ್ಗಿಸಿದರೆ ಒತ್ತೊತ್ತಾದ ಗೆರೆಗಳು ಕಪ್ಪಾಗಿ ಕೂಡಿಕೊಳ್ಳುತ್ತವೆ. ಒಂದು ಭಾಗವನ್ನಷ್ಟೇ ಆರಿಸಿಕೊಳ್ಳುವುದು ಮೇಲು. ಹೊಳಪಿಲ್ಲದ ದಪ್ಪ ಕಾಗದವನ್ನು ಕೇಳಿ, ಮಡಿಕೆ ಬರುವಲ್ಲಿ ಮೊದಲೇ ಗೀರು ಹಾಕಿಸಿ.

ಗಂಜಾಂ ಓದುಗ:
ಸಾಯುತ್ತಿರುವ ಮನುಷ್ಯನ ಚಿತ್ರದ ಒಳಗೆ ‘ಶುಭಾಶಯಗಳು’ ಎಂದು ಬರೆಯುವುದು ನನಗೇಕೋ ಸರಿ ಕಾಣುವುದಿಲ್ಲ. ಟಿಪ್ಪುವಿನ ಬಗ್ಗೆ ಯಾರ ಅಭಿಪ್ರಾಯ ಏನೇ ಇರಲಿ, ಇವು ಗೆದ್ದವರು ಗೆದ್ದವರಿಗಾಗಿ ಮಾಡಿಸಿಕೊಂಡ ಚಿತ್ರಗಳು. ಒತ್ತೆಯ ಚಿತ್ರದಲ್ಲಿ ಕಾರ್ನ್‌ವಾಲಿಸ್ ಮಕ್ಕಳನ್ನು ತಂದೆಯಂತೆ ಬರಮಾಡಿಕೊಳ್ಳುತ್ತಾನೆ. ಅರ್ಧ ರಾಜ್ಯವನ್ನೂ ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿಗಳನ್ನೂ ಕಿತ್ತುಕೊಂಡ ಒಪ್ಪಂದದ ಸುಳಿವು ಅಲ್ಲೆಲ್ಲೂ ಕಾಣದು. ಅದೇ ಸೈನ್ಯದ ಜೊತೆಗಿದ್ದವರು ಬರೆದ ಊರು, ಬೆಟ್ಟ, ಕೋಟೆಗಳ ನೋಟಗಳಿವೆಯಲ್ಲ, ಅವನ್ನು ಆರಿಸಬಾರದೇಕೆ? ಹೋಮ್ ಸಾವನದುರ್ಗವನ್ನು ಬರೆದಿದ್ದಾನೆ. ಬ್ರಿಟಿಷ್ ಫಿರಂಗಿ ದಳದ ಜೇಮ್ಸ್ ಹಂಟರ್ 1792ರಲ್ಲಿ ತೀರಿಕೊಂಡ ಮೇಲೆ, ಎಡ್ವರ್ಡ್ ಓರ್ಮ್ 1804-05ರ ಸುಮಾರಿಗೆ ಪ್ರಕಟಿಸಿದ ಅವನ ಅಕ್ವಾಟಿಂಟ್‌ಗಳಲ್ಲಿ (ಬಣ್ಣದ ನೆರಳುಗಳಂಥ ಛಾಯೆ ಬರುವಂತೆ ತಗಡನ್ನು ಆಮ್ಲದಿಂದ ಕೊರೆದು ತೆಗೆದ ಅಚ್ಚುಚಿತ್ರಗಳಲ್ಲಿ) ಬೆಂಗಳೂರು ಕೋಟೆಯೂ ಅರಮನೆಯೂ ಇವೆ.

ಕೋಟೆಬೀದಿ:
ಎಲ್ಲರಿಗೂ ಕೃತಜ್ಞತೆಗಳು. ನನ್ನ ಬಳಿಯ ಪತ್ರಗಳನ್ನು ಭೂತಗನ್ನಡಿಯಲ್ಲಿ ನೋಡಿದೆ: ನಾಲ್ಕರಲ್ಲೂ ಕೆಳಗಿನ ಸಾಲನ್ನು ಕತ್ತರಿಸಲಾಗಿದೆ. ಹಂಟರನ ಬೆಂಗಳೂರು ಕೋಟೆಯನ್ನೇ ಆರಿಸುತ್ತೇನೆ. ಹಿಂಬದಿಯಲ್ಲಿ ಚಿತ್ರಕಾರ, ಕೆತ್ತಿದವನು, ಪ್ರಕಾಶಕ, ವರ್ಷ, ಇಷ್ಟನ್ನೂ ಕನ್ನಡದಲ್ಲಿ ಹಾಕಿಸಿ, ಆ ಚಿತ್ರಕಾರ ಯಾವ ಸೈನ್ಯದ ಜೊತೆ ಇಲ್ಲಿಗೆ ಬಂದವನೆಂಬುದನ್ನೂ ಸೇರಿಸುತ್ತೇನೆ. ಮೊಳೆಜೋಡಿಯವರೇ, ಕೆಳಗಿನ ಸಾಲನ್ನು ಉಳಿಸಿಕೊಂಡರೆ ಪತ್ರದ ಅಳತೆ ತುಸು ಉದ್ದವಾಗುತ್ತದೆ. ಅದಕ್ಕೆ ಹೊಂದುವ ಲಕೋಟೆ ಸಿದ್ಧವಾಗಿ ಸಿಗುತ್ತದೆಯೇ, ಅಥವಾ ಅದನ್ನೂ ಮಾಡಿಸಬೇಕೇ?