ಆಫೀಸ್ ಮೇಲ್ ಐಡಿ ಹೋಗತ್ತೆ, ಹೊಸದು ಯಾವ್ದು ಮಾಡ್ಕೊಳ್ಲಿ?

ಮುಂದಿನ ತಿಂಗಳು ಕೆಲಸ ಬಿಡ್ತಿದೀನಿ. ಬ್ಯಾಂಕು, ಎಲ್‌ಐಸಿ, ಮ್ಯೂಚುಯಲ್ ಫಂಡ್ ಎಲ್ಲಕ್ಕೂ ಆಫೀಸ್ ಐಡಿನೇ ಕೊಟ್ಟಿರೋದು. ಜೀಮೇಲ್ ಸಾಕಾ, ಇಲ್ಲಾ ಸ್ವಂತ ಡೊಮೇನ್ (ಐಡಿಲಿ ಅಟ್ ಆದ್ಮೇಲೆ ಬರೋ ಹೆಸರು) ತಗೊಳ್ಳೋದಾ? ಅನುಭವ ಇದ್ದೋರು ಹೇಳಿ.

ಅಡಿಕೆಪಟ್ಟಿ: ನಂದು ಬ್ರಾಡ್‌ಬ್ಯಾಂಡ್‌ನವ್ರು ಫ್ರೀ ಕೊಟ್ಟಿದ್ದ ಐಡಿ. ಕನೆಕ್ಷನ್ ತೆಗೆಸ್ದೆ, ಐಡಿನೂ ಹೋಯ್ತು. ಫಂಡಲ್ಲಿ ಬದಲಾಯ್ಸೋಣ ಅಂದ್ರೆ ಓಟಿಪಿ ಹಳೇ ಐಡಿಗೇ ಹೋಗತ್ತೆ! ಫಾರ್ಮು, ಪ್ಯಾನ್ ಜೆರಾಕ್ಸು, ಸ್ಪೀಡ್ ಪೋಸ್ಟು, ಸೈನ್ ಮ್ಯಾಚ್ ಆಗಿಲ್ಲ ಅಂತ ವಾಪಸ್ಸು, ಮ್ಯಾನೇಜರ್ ಅಟೆಸ್ಟೇಷನ್‌ಗೆ ರಜಾ ಹಾಕಿ ಊರಿನ ಬ್ರಾಂಚಿಗೆ ಹೋದ್ರೆ ಅವ್ರು ಟ್ರೇನಿಂಗಲ್ಲಿ. ಬಸ್ ಚಾರ್ಜು ಯಾರ್ ಕೊಡ್ತಾರೆ?

ಕರಾವಳಿ ಕಾಗೆ: ಸ್ವಂತ ಡೊಮೇನೇ ಸರಿ, ಮೇಲ್ ಕಂಪನಿ ಬದಲಾದ್ರೂ ವಿಳಾಸ ನಮ್ದೇ, ಎಂಎಕ್ಸ್ ರೆಕಾರ್ಡ್ (ಮೇಲ್ ಯಾವ ಸರ್ವರ್‌ಗೆ ಹೋಗ್ಬೇಕು ಅನ್ನೋ ಸೆಟ್ಟಿಂಗು) ತಿರುಗಿಸಿದ್ರೆ ಆಯ್ತು. ಮೊದಲ ವರ್ಷ 199 ಅಂತ ಆಸೆ ತೋರ್ಸಿ ರಿನ್ಯೂವಲ್‌ಗೆ 899 ಮಾಡಿದ್ರು, 18% ಜಿಎಸ್‌ಟಿ ಸೇರಿ 1,061. ಮೇಲ್‌ಬಾಕ್ಸ್ ಬಾಡಿಗೆ ಬೇರೆ. ಎಸ್‌ಪಿಎಫ್, ಡಿಕೆಐಎಂ ಅಂತ ಮೇಲ್ ನಮ್ದೇ ಅನ್ನೋಕೆ ಗುರುತಿನ ಸೆಟ್ಟಿಂಗು ಹಾಕೋವರೆಗೂ ನಾನು ಕಳ್ಸಿದ್ದೆಲ್ಲ ಸ್ಪ್ಯಾಮ್‌ಗೇ ಬೀಳ್ತಿತ್ತು, ಭಾವಮೈದುನ ಮದ್ವೆ ಕಾಗದನೂ ಸೇರಿ. ಆದ್ರೂ ಬಿಡಲ್ಲ.

ಅಡಿಕೆಪಟ್ಟಿ: ಒಂದ್ಸಲ ರಿನ್ಯೂ ಮರೀರಿ, ಬೇರೆಯವ್ರು ಅದೇ ಡೊಮೇನ್ ಕೊಂಡು ನಿಮ್ ಬ್ಯಾಂಕ್ ಪಾಸ್‌ವರ್ಡ್ ರೀಸೆಟ್ ಮಾಡ್ಕೊತಾರೆ. ಆಗ ಕಾ ಕಾ ಅನ್ನಿ.

ಕರಾವಳಿ ಕಾಗೆ: ಆಟೋ ರಿನ್ಯೂ ಅಂತ ಒಂದಿದೆ ಸ್ವಾಮಿ. ಫ್ರೀ ಐಡಿ ನಂಬ್ಕೊಂಡು ಬಸ್ ಹತ್ತಿದ್ದು ನಾನಲ್ಲ.

ಮಂಡ್ಯದ್ ಗೌಡ್ತಿ: ಜಗಳ ಆಮೇಲಾಡಿ. ನನ್ ಜೀಮೇಲ್ ಹೆಸರಿಗೇ ಡಾಟ್ ಸೇರ್ಸಿ ಯಾರೋ ಐಡಿ ಮಾಡ್ಕೊಂಡವ್ರೆ, ಅವಳ ಕರೆಂಟ್ ಬಿಲ್ಲು, ಚೀಟಿ ನೋಟೀಸು, ಮಗನ ಸ್ಕೂಲ್ ಫೀಸು ಎಲ್ಲಾ ನನಗೇ ಬತ್ತದೆ. ಈ ಸಲ ಮಗ ಗಣಿತದಲ್ಲಿ ಫೇಲು, ಅವಳಿಗೆ ಗೊತ್ತೈತೋ ಇಲ್ವೋ.

ಟೆಕ್ಕಿ ತಾತ: ಹಾಗೆ ಮಾಡ್ಕೊಳಕ್ಕೇ ಆಗಲ್ಲಮ್ಮ. ಜೀಮೇಲ್ ಅಟ್ ಮುಂಚಿನ ಡಾಟ್ ಲೆಕ್ಕಕ್ಕೇ ತಗೊಳಲ್ಲ, ಎರಡೂ ನಿಮ್ದೇ. ಅವಳು ತನ್ನ ಐಡಿನೇ ತಪ್ಪು ಬರ್ಸಿದಾಳೆ.

ನಮ್ಮೂರ ಬಸ್: ಸುಳ್ಳು. ನಮ್ ಆಫೀಸಲ್ಲಿ ಡಾಟ್ ಬಿಟ್ರೆ ಮೇಲ್ ಬೌನ್ಸ್ ಆಗತ್ತೆ, ಅದೂ ಗೂಗಲ್ದೇ.

ಟೆಕ್ಕಿ ತಾತ: ಅದು ಆಫೀಸ್ ಡೊಮೇನು, ಅಲ್ಲಿ ಡಾಟ್ ಲೆಕ್ಕಕ್ಕಿದೆ. ನಾನು ಹೇಳಿದ್ದು ಬರೀ ಜೀಮೇಲ್ ಡಾಟ್ ಕಾಮ್ ಬಗ್ಗೆ. ಓದಿ ಆಮೇಲ್ ಸುಳ್ಳು ಅನ್ನಿ. ಜೀಮೇಲಲ್ಲಿ ಹೆಸರು ಆದ್ಮೇಲೆ, ಅಟ್‌ಗೆ ಮುಂಚೆ ಪ್ಲಸ್ ಹಾಕಿ ಬ್ಯಾಂಕ್ ಅಂತ ಸೇರ್ಸಿದ್ರೂ ಮೇಲ್ ನಿಮಗೇ ಬರತ್ತೆ, ಯಾರು ಐಡಿ ಮಾರ್ಕೊಂಡ್ರು ಅಂತನೂ ಗೊತ್ತಾಗತ್ತೆ.

ನಮ್ಮೂರ ಬಸ್: ಪ್ಲಸ್ ಹಾಕಿದ್ರೆ ಅರ್ಧ ಸೈಟು ಇನ್‌ವ್ಯಾಲಿಡ್ ಅನ್ನತ್ತೆ ತಾತ.

ಕನ್ನಡ ಕಟ್ಟೆ: ಕನ್ನಡ ಅಕ್ಷರದಲ್ಲೇ ಡಾಟ್ ಭಾರತ ಡೊಮೇನ್ ಸಿಗತ್ತೆ, ವಿಳಾಸನೂ ಕನ್ನಡದಲ್ಲೇ ಇಟ್ಕೋಬಹುದು. ಇಂಗ್ಲಿಷ್ ಅಲ್ಲದ ಅಕ್ಷರದ ವಿಳಾಸಕ್ಕೆ 2014ರಿಂದಲೇ ಜೀಮೇಲಿಂದ ಕಳಿಸ್ಬಹುದು. ಇಲ್ಲಿ ಒಬ್ರಿಗೂ ಅಭಿಮಾನ ಇಲ್ವಲ್ಲ!

ಅಡಿಕೆಪಟ್ಟಿ: ಆ ಐಡಿನ ಎಲ್‌ಐಸಿ ಕೌಂಟರಲ್ಲಿ ಬರ್ಕೊಟ್ಟು ಬನ್ನಿ, ಆಮೇಲ್ ಮಾತಾಡಣ.

ಕನ್ನಡ ಕಟ್ಟೆ: ನಿಮ್ಮಂಥವ್ರಿಂದಲೇ ಅವ್ರು ಬದಲಾಗದೇ ಇರೋದು.

ಮಂಡ್ಯದ್ ಗೌಡ್ತಿ: ತಾತ, ಹಂಗಾರೆ ಆ ಚೀಟಿ ನೋಟೀಸ್‌ಗೆ ನಾನ್ ಏನಂತ ರಿಪ್ಲೈ ಮಾಡ್ಲಿ?