ಸ್ಕ್ಯಾಫೋಲ್ಡಿಂಗ್ ಪೈಪ್ ಉದ್ದ ಮಾಡಲು ಸ್ಲೀವ್ ಕಪ್ಲರ್ರಾ, ಜಾಯಿಂಟ್ ಪಿನ್ನಾ?

ಪ್ರಶ್ನೆ: ಸ್ಕ್ಯಾಫೋಲ್ಡಿಂಗ್‌ಗೆ (ಕಟ್ಟಡ ಕೆಲಸಕ್ಕೆ ತಾತ್ಕಾಲಿಕವಾಗಿ ಕಟ್ಟುವ ಅಟ್ಟಣಿಗೆಗೆ) 48.3 ಮಿ.ಮೀ. ಹೊರವ್ಯಾಸದ ಪೈಪುಗಳಿವೆ. ಉದ್ದ ಸಾಲುತ್ತಿಲ್ಲ, ತುದಿಗೆ ತುದಿ ಸೇರಿಸಬೇಕು. ಒಳಗೆ ಹಾಕುವ ಜಾಯಿಂಟ್ ಪಿನ್ ಹೊರಗೆ ಉಬ್ಬುವುದಿಲ್ಲ, ಕೆಲಸವೂ ಬೇಗ. ಎಲ್ಲಾ ಕಡೆ ಅದನ್ನೇ ಹಾಕಬಹುದಾ?

ಉತ್ತರ: ಬೇಡ. ಪಿನ್ ಪೈಪಿನ ಒಳಗೆ ಅಗಲವಾಗಿ ಹಿಡಿದುಕೊಳ್ಳುತ್ತದೆ ಅಷ್ಟೇ, ಎಳೆತ ಬಿದ್ದರೆ ಜಾರಿ ಬರಬಹುದು. ನೆಟ್ಟಗೆ ನಿಂತ ಪೈಪಿನಲ್ಲಿ, ಭಾರ ಮೇಲಿಂದ ಕೆಳಕ್ಕೆ ಒತ್ತುವ ಕಡೆ ಪರವಾಗಿಲ್ಲ. ಅಡ್ಡ ಪೈಪಿಗೆ ಹೊರಗಿಂದ ಬಿಗಿಯುವ ಸ್ಲೀವ್ ಕಪ್ಲರ್ ಹಾಕಿ. ಎಳೆತ ಜಾಸ್ತಿ ಇದ್ದರೆ ಸ್ಲೀವ್ ತಯಾರಕರು ಕೊಟ್ಟ ಮಿತಿಯನ್ನೂ ನೋಡಿ.

ಇನ್ನೊಬ್ಬರು: ಎರಡೂ ತುದಿ ಸ್ಲೀವ್ ಮಧ್ಯದಲ್ಲಿ ಮುಟ್ಟಬೇಕು. ಪಕ್ಕಪಕ್ಕದ ಕಂಬಗಳ ಜಾಯಿಂಟ್ ಒಂದೇ ಮಟ್ಟಕ್ಕೆ ಬರಬಾರದು, ಇದನ್ನು ತುಂಬಾ ಜನ ಮರೆಯುತ್ತಾರೆ.

ಪ್ರಶ್ನೆ ಕೇಳಿದವರು: ಸುಮ್ನೆ ವೆಲ್ಡ್ ಮಾಡಿಬಿಟ್ಟರೆ?

ಉತ್ತರ: ಅಯ್ಯೋ, ಅದು ಮಾತ್ರ ಬೇಡ. ಕಾವಿಗೆ ಪೈಪಿನ ಬಲ ಕಡಿಮೆಯಾಗಬಹುದು, ಆಮೇಲೆ ಬಿಚ್ಚುವುದು ಹೇಗೆ?