ಬಲ ಸೈಡ್ ಹಾಕಿದರೆ ಪಾಟ್ ತಪ್ಪುತ್ತಿದೆ, ಅನುಭವ ಇದ್ದವರು ಹೇಳಿ

ಕಂಟೋನ್ಮೆಂಟ್ ಹುಡುಗ, ಬಳ್ಳಾರಿ:
ಎಲ್ಲರಿಗೂ ನಮಸ್ಕಾರ. ಒಂದೂವರೆ ವರ್ಷದಿಂದ 8 ಬಾಲ್ ಪೂಲ್ ಆಡುತ್ತಿದ್ದೇನೆ. ವೈಟ್‌ನ ನಡುವಿಗೆ ಹೊಡೆದರೆ ಪಾಟ್ ಬೀಳುತ್ತದೆ, ಅಂದರೆ ವೈಟ್ (ಕ್ಯೂ ಕೋಲಿನಿಂದ ಹೊಡೆಯುವ ಬಿಳಿ ಬಾಲ್) ತಾಗಿದ ಬಾಲ್ ಪಾಕೆಟ್‌ಗೆ ಹೋಗುತ್ತದೆ. ಎಡ ಸೈಡ್ ಹಾಕಿದರೂ, ಅಂದರೆ ವೈಟ್ ತಿರುಗಲಿ ಅಂತ ನಡುವಿನಿಂದ ಎಡಕ್ಕೆ ಹೊಡೆದರೂ, ಹೆಚ್ಚುಕಮ್ಮಿ ಬೀಳುತ್ತದೆ. ಬಲ ಸೈಡ್ ಹಾಕಿದಾಗ, ಅದರಲ್ಲೂ ಉದ್ದದ ಪಾಟ್ ಆದರೆ, ಬಾಲ್ ಪಾಕೆಟ್ ಅಂಚಿಗೆ ಬಡಿದು ಆಚೆ ಬರುತ್ತದೆ. ಪಾರ್ಲರ್ ಕ್ಯೂನಲ್ಲೇ ಆಡುವುದು. ಬ್ರಿಡ್ಜ್ ಕೈಗೂ (ಕ್ಯೂಗೆ ಆಸರೆಯಾಗಿ ಟೇಬಲ್ ಮೇಲೆ ಇಡುವ ಕೈ) ವೈಟ್‌ಗೂ ಒಂದು ಗೇಣು ಅಂತರ. ಕೈಯಲ್ಲಿ 6,000 ರೂಪಾಯಿ ಇದೆ. ಹೊಸ ಕ್ಯೂ ತಗೊಳ್ಳಲೋ, ಇದರಲ್ಲೇ ಕೈ ತಿದ್ದಿಕೊಳ್ಳಲೋ?

ತೋರಣಗಲ್ಲು ಸೆಕೆಂಡ್ ಶಿಫ್ಟ್:
ತಮ್ಮಾ, ಕ್ಯೂ ತಗೊಳ್ಳುವ ಮೊದಲು ನನ್ನ ಲೆಕ್ಕ ನೋಡು. ಕಾರ್ಬನ್ ಶಾಫ್ಟ್, ಅಂದರೆ ಕ್ಯೂನ ಮುಂದಿನ ಅರ್ಧ, 31,500. ಅದು ಹಿಂದಿನ ಅರ್ಧಕ್ಕೆ, ಅಂದರೆ ನನ್ನ ಹಳೇ ಬಟ್‌ಗೆ ಕೂರಲಿಲ್ಲ, ಥ್ರೆಡ್ ಬೇರೆ. ಹೊಸ ಬಟ್ 8,200. ಕೊರಿಯರ್ 850. ಡಬ್ಬಿ ಬಿಚ್ಚಿದರೆ ಟಿಪ್, ಅಂದರೆ ತುದಿಯ ಚರ್ಮ, ಸಡಿಲ. ಕೊಟ್ಟವನು ಫೋನ್ ಎತ್ತಲಿಲ್ಲ. ಟಿಪ್ ಹಾಕಿಸಲು ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಹೋಗಿ ಬಂದೆ, ಎಲ್ಲಾ ಸೇರಿ 2,900. ಒಟ್ಟು 43,450 ರೂಪಾಯಿ.

ಅದಕ್ಕೂ ಮೊದಲು ಆರು ವರ್ಷ ಪಾರ್ಲರ್‌ನ ಮೇಪಲ್ ಕ್ಯೂನಲ್ಲೇ ಆಡಿದವನು ನಾನು. ಬ್ಯಾಕ್‌ಹ್ಯಾಂಡ್ ಮಾಡುತ್ತಿದ್ದೆ. ಮೊದಲು ವೈಟ್‌ನ ನಡುವಿಗೆ ಗುರಿ. ಬ್ರಿಡ್ಜ್ ಕೈ ಅಲ್ಲಾಡಬಾರದು. ಬಲ ಸೈಡ್ ಬೇಕಾದರೆ ಹಿಂದಿನ ಕೈಯನ್ನು ಎಡಕ್ಕೆ ಸರಿಸುವುದು, ಟಿಪ್ ತಾನೇ ಬಲಕ್ಕೆ ಬರುತ್ತದೆ. ಬಲಕ್ಕೆ ಹೊಡೆದರೆ ವೈಟ್ ಸ್ವಲ್ಪ ಎಡಕ್ಕೆ ಜಾರಿಕೊಂಡು ಹೊರಡುತ್ತದೆ, ಕ್ಯೂ ಬಲಕ್ಕೆ ಓರೆಯಾಗಿರುವುದರಿಂದ ಅದೂ ಇದೂ ಸರಿಹೋಗುತ್ತದೆ. ಒಂದು ಗೇಣಿನ ಮೇಲೆ ಎರಡು ಬೆರಳು ಬ್ರಿಡ್ಜ್ ಇಟ್ಟರೆ ಆ ಕ್ಯೂಗೆ ಕರೆಕ್ಟಾಗಿ ಸರಿಹೋಗುತ್ತಿತ್ತು.

ಕಾರ್ಬನ್ ಬಂತು, ಎಲ್ಲಾ ಕೆಟ್ಟಿತು. ಅದರ ಮೂತಿ ಹಗುರ, ಹಾಗಾಗಿ ವೈಟ್ ಜಾರುವುದು ಕಮ್ಮಿ. ನನ್ನ ಕೈ ಮಾತ್ರ ಹಳೇ ಲೆಕ್ಕದಲ್ಲೇ ಓರೆ ಮಾಡುತ್ತಿತ್ತು. ಬಲ ಸೈಡ್ ಹಾಕಿದರೆ ವೈಟ್ ಬಲಕ್ಕೇ ಹೋಗುವುದು. ನಾಲ್ಕು ತಿಂಗಳು ಸೋತಿದ್ದೇ ಸೋತಿದ್ದು. ನಮ್ಮಲ್ಲಿ ಸೋತವನದೇ ಟೇಬಲ್ ದುಡ್ಡು, ಗಂಟೆಗೆ 150. ಡೈರಿಯಲ್ಲಿ ಬರೆದಿಟ್ಟಿದ್ದೇನೆ, 9,300 ಹೋಯಿತು. ಕೊನೆಗೆ ಬ್ಯಾಕ್‌ಹ್ಯಾಂಡ್ ಬಿಟ್ಟೆ. ಈಗ ಇಡೀ ಕ್ಯೂ ಪಕ್ಕಕ್ಕೆ ಸರಿಸಿ, ಗುರಿಯಲ್ಲಿ ಒಂದು ಕೂದಲೆಳೆ ಬದಲಾಯಿಸಿ ಹೊಡೆಯುತ್ತೇನೆ. ಈಗ ಚೆನ್ನಾಗಿದೆ. ಶಾಫ್ಟ್ ಬಗ್ಗೆ ಪಶ್ಚಾತ್ತಾಪ ಇಲ್ಲ.

ಗಂಗಾವತಿ ಸೋನಾಮಸೂರಿ:
ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. 43,000 ಕೊಟ್ಟು ಕೈ ಕೆಡಿಸಿಕೊಂಡವರ ಮಾತು ಕೇಳಬೇಡ.

ನಾನು ಸ್ನೂಕರ್‌ನವನು. 12 ಅಡಿ ಟೇಬಲ್, ಕೂದಲಿರುವ ಬಟ್ಟೆ, ಒಂಬತ್ತೂವರೆ ಮಿಲಿಮೀಟರ್ ಟಿಪ್. ಆ ಬಟ್ಟೆಯಲ್ಲಿ ಸೈಡ್ ಕಲಿತವನಿಗೆ ಪೂಲ್ ಟೇಬಲ್ ಮಕ್ಕಳಾಟ. ಕೂದಲು ಮಲಗಿದ ದಿಕ್ಕಿಗೆ ಹೊಡೆದರೆ ವೈಟ್ ಒಂದು ಥರ ಓಡುತ್ತದೆ, ಎದುರಿಗೆ ನಿಧಾನ ಹೊಡೆದರೆ ಇನ್ನೊಂದು ಥರ ವಾಲುತ್ತದೆ. ಅದನ್ನು ಅರಗಿಸಿಕೊಳ್ಳಲು ನನಗೆ ಮೂರು ವರ್ಷ ಬೇಕಾಯಿತು. ನಮ್ಮ ಪಂಕಜ್ ಅಡ್ವಾಣಿ ಬಿಲಿಯರ್ಡ್ಸ್‌ನಲ್ಲೂ ಸ್ನೂಕರ್‌ನಲ್ಲೂ ವಿಶ್ವ ಚಾಂಪಿಯನ್. ಅವರ ವೈಟ್ ಟೇಬಲ್ ಅಂಚಿನ ಕುಷನ್‌ಗೆ ತಾಗಿ ಹೊರಡುವುದನ್ನು ನೋಡಿ, ಆಮೇಲೆ ಶಾಫ್ಟ್ ಬಗ್ಗೆ ಮಾತಾಡಿ.

ನನ್ನದೂ ನಷ್ಟ ಇದೆ, ಹೇಳುತ್ತೇನೆ. 14,000ದ ಆ್ಯಶ್ ಮರದ ಕ್ಯೂ. ಒಂದು ಏಪ್ರಿಲ್‌ನಲ್ಲಿ ಮಧ್ಯಾಹ್ನ ರೈಸ್ ಮಿಲ್ ಅಂಗಳದಲ್ಲಿ ಕಾರು ನಿಲ್ಲಿಸಿ, ಕ್ಯೂ ಡಿಕ್ಕಿಯಲ್ಲೇ ಬಿಟ್ಟೆ. ಸಂಜೆ ತೆಗೆದು ಟೇಬಲ್ ಮೇಲೆ ಉರುಳಿಸಿದರೆ ಮೂತಿ ಎದ್ದು ಬೀಳುತ್ತಿತ್ತು. ಅವತ್ತು ರಾತ್ರಿ ಊಟ ಸೇರಲಿಲ್ಲ. ನಮ್ಮ ಕಡೆ ಬಿಸಿಲಿನಲ್ಲಿ ಕ್ಯೂ ಇಟ್ಟುಕೊಳ್ಳುವವರು ಮನೆಯೊಳಗೆ ಮಲಗಿಸಿ ಇಡಿ, ಗೋಡೆಗೆ ಒರಗಿಸಬೇಡಿ.

ತೋರಣಗಲ್ಲು ಸೆಕೆಂಡ್ ಶಿಫ್ಟ್:
ಗಂಗಾವತಿಯವರೇ, ಗಾದೆ ನಿಮ್ಮ ಹತ್ತಿರವೇ ಇರಲಿ. ಕುಲುಮೆ ಪಕ್ಕ ನಿಂತು ದುಡಿದ ದುಡ್ಡು ಅದು. ಕಾರಿನ ಡಿಕ್ಕಿಯಲ್ಲಿ ಕ್ಯೂ ಬೇಯಿಸಿದವರು ನನಗೆ ಬುದ್ಧಿ ಹೇಳಬೇಕಿಲ್ಲ. ಪೂಲ್ ಬಾಲ್ 57.15 ಮಿಲಿಮೀಟರ್, ಸ್ನೂಕರ್ ಬಾಲ್ 52.5. ಬಾಲ್ ಬೇರೆ, ತೂಕ ಬೇರೆ, ಬಟ್ಟೆ ಬೇರೆ. ಹುಡುಗ ಕೇಳಿದ್ದು ಪೂಲ್.

ಸ್ಟೇಷನ್ ರೋಡ್, ರಾಯಚೂರು:
ಇಬ್ಬರೂ ಕ್ಯೂ ಹಿಡಿದುಕೊಂಡು ಜಗಳ ಮಾಡುತ್ತಿದ್ದೀರಿ, ಬಾಲ್ ಒರೆಸಿದವರು ಯಾರಾದರೂ ಇದ್ದೀರಾ?

ನಾನು ಮೂರು ಟೇಬಲ್ ಪಾರ್ಲರ್ ನಡೆಸಿದವನು, ಐದು ವರ್ಷ. ರಾಯಚೂರಿನ ಧೂಳು ನಿಮಗೆ ಗೊತ್ತೇ ಇದೆ. ಬೆಳಿಗ್ಗೆ ಒರೆಸಿದ ಬಾಲ್ ಸಂಜೆಗೆ ಕೈಗೆ ಅಂಟುತ್ತಿತ್ತು. ಬಾಲ್ ಕೊಳೆಯಾದರೆ ಒಂದಕ್ಕೊಂದು ತಾಗಿದಾಗ ಜಾಸ್ತಿ ಹಿಡಿಯುತ್ತದೆ. ವೈಟ್‌ಗೆ ಬಲ ಸೈಡ್ ಇದ್ದರೆ ಎದುರಿನ ಬಾಲ್ ಎಡಕ್ಕೆ ಹೋಗುತ್ತದೆ, ಗಡಿಯಾರದ ಹಲ್ಲಿನ ಚಕ್ರ ಪಕ್ಕದ ಚಕ್ರವನ್ನು ತಳ್ಳಿದ ಹಾಗೆ. ನಿಧಾನ ಹೊಡೆದಷ್ಟೂ ಜಾಸ್ತಿ. ನಾನೇ ಅಳತೆ ಮಾಡಿದ್ದೇನೆ. ನೇರ ಪಾಟ್, 4 ಅಡಿ ದೂರ, ಮೆಲ್ಲಗೆ ಬಲ ಸೈಡ್. ಒಂದು ವಾರದ ಕೊಳೆ ಇದ್ದ ಬಾಲ್ ಮೂರು ಬೆರಳು ಎಡಕ್ಕೆ ಹೋಯಿತು. ಅದನ್ನೇ ಸೋಪ್ ನೀರಲ್ಲಿ ತೊಳೆದು ಒಣಗಿಸಿ ಹೊಡೆದೆ, ಒಂದೂವರೆ ಬೆರಳು.

ಆದರೆ ತೊಳೆಯುವವರು ಯಾರು? ನೀರು ಟ್ಯಾಂಕರ್‌ನಲ್ಲಿ ಬರುತ್ತಿತ್ತು. ಒಂದು ಟೇಬಲ್ ಬಟ್ಟೆ 11,000, ಹಾಕುವವರು ಹೈದರಾಬಾದಿನಿಂದ ಬರಬೇಕು, ಟೇಬಲ್‌ಗೆ 3,500, ಮೇಲೆ ರೂಮು ಊಟ. ಹಾಕಿಸಿದ ಮೂರನೇ ವಾರಕ್ಕೆ ಒಬ್ಬ ಹುಡುಗ ಸೈಡ್ ಕಲಿಯುತ್ತೇನೆ ಅಂತ ಕ್ಯೂ ಎತ್ತಿ ಹೊಡೆದು ಬಟ್ಟೆಗೆ ಒಂದು ಗೇಣು ಉದ್ದ ಸೀಳು ಬಿಟ್ಟ. ಟಿಪ್ ಜಾರದಿರಲಿ ಅಂತ ಹಚ್ಚುವ ಚಾಕ್ ಬೋರಲು ಇಡುವವರಂತೂ ಲೆಕ್ಕವಿಲ್ಲ. ನೀಲಿ ಪುಡಿ ಬಟ್ಟೆಗೆ, ಬಟ್ಟೆಯಿಂದ ಬಾಲ್‌ಗೆ. ಪಾರ್ಲರ್ ಮುಚ್ಚಿದ್ದು ಇದೇ ಕಾರಣಕ್ಕೆ ಅನ್ನುವುದಿಲ್ಲ, ಇದೂ ಒಂದು.

ಸಿಂಧನೂರು ನಡುಬಾಲ್:
ನಾನು ಸೈಡ್ ಬಿಟ್ಟು ಎಂಟು ತಿಂಗಳಾಯಿತು. ಸಂತೋಷವಾಗಿದ್ದೇನೆ.

ಒಂದು ಪಂದ್ಯ, 5,000 ರೂಪಾಯಿ ಬಹುಮಾನ, ಕೊನೆಯ ಫ್ರೇಮ್. 8 ಬಾಲ್ ಮೂಲೆ ಪಾಕೆಟ್ ಬಾಯಲ್ಲಿ ಕೂತಿದೆ. ಸುಮ್ನೆ ನಡುವಿಗೆ ಹೊಡೆದಿದ್ದರೆ ಮುಗಿದಿತ್ತು. ವೈಟ್ ನಡು ಪಾಕೆಟ್‌ಗೆ ಬಿದ್ದೀತು ಅಂತ ಹೆದರಿ ಎಡ ಸೈಡ್ ಹಾಕಿದೆ. ಟಿಪ್ ಜಾರಿತು. ಟಿಕ್ ಅಂತ ಸದ್ದು, ವೈಟ್ 8 ಬಾಲ್‌ಗೆ ತಾಗಲೇ ಇಲ್ಲ. ಗೋಡೆ ಪಕ್ಕ ನಿಂತಿದ್ದ ನಮ್ಮ ಅಣ್ಣ ಏನೂ ಮಾತಾಡದೆ ಕೆಳಗೆ ಹೋಗಿ ಗಾಡಿ ಸ್ಟಾರ್ಟ್ ಮಾಡಿದ್ದು ಈಗಲೂ ಕಿವಿಯಲ್ಲಿದೆ. ಅವತ್ತಿನಿಂದ ಮೇಲೆ, ನಡು, ಕೆಳಗೆ, ಅಷ್ಟೇ. ವೈಟ್ ಮುಂದೆ ಓಡುವ ಫಾಲೋ, ನಿಲ್ಲುವ ಸ್ಟನ್, ಹಿಂದೆ ಬರುವ ಸ್ಕ್ರೂ, ಈ ಮೂರಲ್ಲಿ ಬೇಕಾದ್ದು ಸಿಗುತ್ತದೆ. ಸೈಡ್ ಅಂದರೆ ಶೋಕಿ.

ಸ್ಟೇಷನ್ ರೋಡ್, ರಾಯಚೂರು:
ಶೋಕಿ ಅನ್ನಬೇಡಿ ತಮ್ಮಾ. ಬಾಲ್ ಕುಷನ್‌ಗೆ ಅಂಟಿಕೊಂಡಿದೆ, ಮುಂದಿನ ಬಾಲ್ ಟೇಬಲ್‌ನ ಆ ತುದಿಯಲ್ಲಿದೆ ಅಂದುಕೊಳ್ಳಿ. ಓಡುವ ಸೈಡ್ ಹಾಕಿದರೆ ವೈಟ್ ಕುಷನ್‌ನಿಂದ ಅಗಲವಾಗಿ ತಿರುಗಿ, ವೇಗ ಹಿಡಿದು, ಎರಡು ಕುಷನ್ ದಾಟಿ ಆ ತುದಿಗೆ ಹೋಗುತ್ತದೆ. ಎದುರು ಸೈಡ್ ಹಾಕಿದರೆ ಅದೇ ವೈಟ್ ಮುಗ್ಗರಿಸಿ ಅಲ್ಲೇ ನಿಲ್ಲುತ್ತದೆ. ಇದನ್ನು ನಡುಬಾಲ್‌ನಲ್ಲಿ ಮಾಡಿ ತೋರಿಸಿ, ಟೇಬಲ್ ದುಡ್ಡು ನಾನು ಕೊಡುತ್ತೇನೆ.

ಸಿಂಧನೂರು ನಡುಬಾಲ್:
ಪಾರ್ಲರ್ ಮುಚ್ಚಿಕೊಂಡವರು ಟೇಬಲ್ ದುಡ್ಡು ಕೊಡುತ್ತೀರಾ? ಇರಲಿ ಬಿಡಿ.

ಕೊಪ್ಪಳ ಅಕ್ಕ:
ಆ ಮಾತು ವಾಪಸ್ ತಗೊಳ್ಳಿ ಸಿಂಧನೂರಿನವರೇ. ಅಂಗಡಿ ಮುಚ್ಚಿದವರ ನೋವು ಹಂಗಿಸುವುದಕ್ಕೆ ಅಲ್ಲ.

ನನ್ನದು ಹೇಳುತ್ತೇನೆ. ಬೆಳಿಗ್ಗೆ ಹತ್ತರಿಂದ ಹನ್ನೆರಡು ಪಾರ್ಲರ್ ಖಾಲಿ ಇರುತ್ತದೆ, ಗಂಟೆಗೆ 90. ಸಂಜೆ ಹೋದರೆ ಎಲ್ಲರೂ ನನ್ನನ್ನೇ ನೋಡುತ್ತಾರೆ, ಟೇಬಲ್ ನೋಡುವುದಿಲ್ಲ. ಹಾಗಾಗಿ ಬೆಳಿಗ್ಗೆ, ಒಬ್ಬಳೇ, ಮೂರು ತಿಂಗಳು. ಮೊದಲ ತಿಂಗಳೇ ಮಿಸ್‌ಕ್ಯೂ ಆಗಿ, ಅಂದರೆ ಟಿಪ್ ಜಾರಿ, ಬಟ್ಟೆ ಹರಿದು 2,000 ದಂಡ ಕಟ್ಟಿದೆ.

ಆಮೇಲೆ ವೈಟ್ ಬಿಟ್ಟು ಪಟ್ಟಿ ಇರುವ ಬಾಲ್ ತಗೊಂಡೆ. 9 ನಂಬರ್, ಹಳದಿ ಪಟ್ಟಿ. ಪಟ್ಟಿಯನ್ನು ನೆಟ್ಟಗೆ ನಿಲ್ಲಿಸಿ ಅದನ್ನೇ ವೈಟ್ ಅಂದುಕೊಂಡು ಹೊಡೆಯುವುದು. ಪಟ್ಟಿಯ ಅಂಚು ಇದೆಯಲ್ಲ, ಸುಮಾರು ಅಲ್ಲಿಗೇ ಸೈಡ್‌ನ ಗಡಿ. ನಡುವಿನಿಂದ 14 ಮಿಲಿಮೀಟರ್ ಆಚೆ ಹೋದರೆ ಎಂಥ ಟಿಪ್ ಆದರೂ ಜಾರುತ್ತದೆ. ಪ್ರತಿ ಹೊಡೆತಕ್ಕೂ ಚಾಕ್ ಹಚ್ಚಿ, ಹೊಡೆದು, ಬಾಲ್ ಎತ್ತಿ ನೋಡುತ್ತಿದ್ದೆ. ಹಳದಿ ಮೇಲೆ ಸಾಸಿವೆ ಕಾಳಿನಷ್ಟು ನೀಲಿ ಚುಕ್ಕೆ. ನಾನು ಅಂಚಿಗೆ ಹೊಡೆದೆ ಅಂದುಕೊಂಡಿದ್ದು ಅಂಚು ದಾಟಿ ಬಿಳಿಯಲ್ಲಿ ಇರುತ್ತಿತ್ತು. ಒರೆಸುವುದು, ಮತ್ತೆ ಇಡುವುದು. ದಿನಕ್ಕೆ ಅರವತ್ತು ಸಲ.

ಟಿಪ್ ಕೂಡ ನೋಡಿ. ಪಾರ್ಲರ್ ಕ್ಯೂ ಟಿಪ್ ಚಪ್ಪಟೆಯಾಗಿ ಗಾಜಿನ ಹಾಗೆ ಹೊಳೆಯುತ್ತಿತ್ತು, ಚಾಕ್ ನಿಲ್ಲುತ್ತಿರಲಿಲ್ಲ. 250 ಕೊಟ್ಟು ಹೊಸದು ತರಿಸಿ, ಮಾಲೀಕರನ್ನು ಕೇಳಿ ಅಂಟಿಸಿ, ಒಂದು ರೂಪಾಯಿ ನಾಣ್ಯದ ಅಂಚಿನಷ್ಟು ಗುಂಡಗೆ ಉಜ್ಜಿದೆ. ಮಿಸ್‌ಕ್ಯೂ ಅರ್ಧಕ್ಕರ್ಧ ನಿಂತಿತು.

ಸಿಂಧನೂರು ನಡುಬಾಲ್:
ರಾಯಚೂರಿನವರು ಕ್ಷಮಿಸಿ, ಆ ಮಾತು ಆಡಬಾರದಿತ್ತು. ಆದರೆ ಅಕ್ಕಾ, ಖಾಲಿ ಟೇಬಲ್‌ನಲ್ಲಿ ಒಬ್ಬರೇ ಅರವತ್ತು ಸಲ ಹೊಡೆಯುವುದು ಆಟ ಅಲ್ಲ. ಎದುರಿಗೆ ಆಳು ಇದ್ದಾಗ ಕೈ ನಡುಗುತ್ತದಲ್ಲ, ಅಲ್ಲಿ ಗೊತ್ತಾಗುತ್ತದೆ ಸೈಡ್ ಏನು ಅಂತ.

ಕೊಪ್ಪಳ ಅಕ್ಕ:
ನನ್ನ ಕೈ ಎಲ್ಲಿ ನಡುಗುತ್ತದೆ ಅಂತ ನೀವು ನೋಡಿಲ್ಲ. ಹದಿನೈದು ಗಂಡಸರು ಸುತ್ತ ನಿಂತಿರುವಾಗ ಬ್ರೇಕ್ (ಆಟದ ಮೊದಲ ಹೊಡೆತ) ಹೊಡೆದಿದ್ದೇನೆ. ನೀವು ಒಂದು ಮಿಸ್‌ಕ್ಯೂಗೆ ಸೈಡೇ ಬಿಟ್ಟಿರಿ, ನಾನು 2,000 ಕಟ್ಟಿ ಮಾರನೇ ದಿನ ಮತ್ತೆ ಹೋದೆ.

ಗಂಗಾವತಿ ಸೋನಾಮಸೂರಿ:
ಅಕ್ಕನ ಮಾತು ಸರಿ. ಟಿಪ್ ಅಂದರೆ ಟಿಪ್. ಕ್ಯೂ ತುದಿಗೆ ಚರ್ಮ ಬಂದ ಮೇಲೆಯೇ ಸೈಡ್ ನಿಜವಾಗಿ ಹುಟ್ಟಿದ್ದು. ಫ್ರಾನ್ಸಿನ ಮಿಂಗೋ ಅನ್ನುವವರು ಹಾಕಿದ್ದು, 1800ರ ಆಸುಪಾಸು. ಅದೂ ಬಿಲಿಯರ್ಡ್ಸ್‌ನಲ್ಲಿ. ಅಮೆರಿಕದವರು ಅದಕ್ಕೆ ಇಂಗ್ಲಿಷ್ ಅಂತ ಹೆಸರಿಟ್ಟುಕೊಂಡರು, ನಮ್ಮ ಪೂಲ್ ಹುಡುಗರೂ ಅದನ್ನೇ ಹೇಳುತ್ತಾರೆ. ಸೈಡ್ ಅನ್ನಿ ಸಾಕು.

ತೋರಣಗಲ್ಲು ಸೆಕೆಂಡ್ ಶಿಫ್ಟ್:
ಇಲ್ಲಿ ಯಾರೂ ಇಂಗ್ಲಿಷ್ ಅಂದೇ ಇಲ್ಲ, ಮೇಲಿಂದ ಓದಿ ನೋಡಿ. ಫ್ರಾನ್ಸಿನವರೇ ಬೇಕಾದರೆ ಕೊರಿಯೊಲಿಸ್ ಇದ್ದಾರೆ. ಬಿಲಿಯರ್ಡ್ಸ್ ಬಾಲ್ ಹೇಗೆ ತಿರುಗುತ್ತದೆ ಅಂತ 1835ರಲ್ಲೇ ಗಣಿತ ಹಾಕಿ ಪುಸ್ತಕ ಬರೆದರು. ಲೆಕ್ಕ ಹಾಕುವುದು ತಪ್ಪಲ್ಲ ಸ್ವಾಮಿ.

ಕಂಟೋನ್ಮೆಂಟ್ ಹುಡುಗ, ಬಳ್ಳಾರಿ:
ಎಲ್ಲರಿಗೂ ಥ್ಯಾಂಕ್ಸ್. ಆದರೆ ನನಗೆ ಬಲ ಸೈಡ್ ಮಾತ್ರ ತಪ್ಪುವುದು. ಎಡಕ್ಕೆ ಬೀಳುತ್ತದೆ. ಅದು ಯಾಕೆ ಅಂತ ಯಾರೂ ಹೇಳಲಿಲ್ಲ.

ಸ್ಟೇಷನ್ ರೋಡ್, ರಾಯಚೂರು:
ಮೊದಲು ಬಾಲ್ ತೊಳೆಸಿ ನೋಡಿ.

ಕೊಪ್ಪಳ ಅಕ್ಕ:
ಬಾಲ್ ಕೊಳೆ ಎರಡೂ ಕಡೆಗೆ ಒಂದೇ ಅಲ್ವಾ ಅಣ್ಣಾ? ಕ್ಯೂ ಕೂಡ ಎಡಕ್ಕೊಂದು ಬಲಕ್ಕೊಂದು ಭೇದ ಮಾಡುವುದಿಲ್ಲ. ಒಂದೇ ಕಡೆ ತಪ್ಪುತ್ತಿದೆ ಅಂದರೆ ತಮ್ಮಾ, ನೀನು ನಡು ಅಂದುಕೊಂಡಿರುವ ಜಾಗ ನಡು ಅಲ್ಲ. ಮೊದಲೇ ಸ್ವಲ್ಪ ಬಲಕ್ಕೆ ಹೊಡೆಯುತ್ತಿದ್ದೀಯ ಅನಿಸುತ್ತದೆ. ಅದರ ಮೇಲೆ ಬಲ ಸೈಡ್ ಹಾಕಿದರೆ ಎರಡು ಪಟ್ಟು, ಎಡ ಹಾಕಿದರೆ ಅರ್ಧ. ಪಟ್ಟಿ ಬಾಲ್ ಇಟ್ಟು ನಡುವಿಗೆ ಹತ್ತು ಸಲ ಹೊಡೆದು ಚುಕ್ಕೆ ನೋಡು. ದುಡ್ಡು ಜೇಬಲ್ಲೇ ಇರಲಿ.

ತೋರಣಗಲ್ಲು ಸೆಕೆಂಡ್ ಶಿಫ್ಟ್:
ಇದನ್ನು ಒಪ್ಪುತ್ತೇನೆ. ಆದರೆ ಬ್ರಿಡ್ಜ್ ಬಿಡಬೇಡ. ಬ್ಯಾಕ್‌ಹ್ಯಾಂಡ್ ಮಾಡುವವನಾದರೆ, ಬಲ ಸೈಡ್‌ಗೆ ವೈಟ್ ಎಡಕ್ಕೆ ಹೋದರೆ ಬ್ರಿಡ್ಜ್ ಹತ್ತಿರ ತಗೋ, ಬಲಕ್ಕೆ ಹೋದರೆ ದೂರ ಇಡು. ಒಂದೊಂದೇ ಬೆರಳು.

ಕಂಟೋನ್ಮೆಂಟ್ ಹುಡುಗ, ಬಳ್ಳಾರಿ:
ಇವತ್ತು ಮಾಡಿದೆ ಅಕ್ಕಾ. ನಡುವಿಗೆ ಅಂತ ಹತ್ತು ಸಲ ಹೊಡೆದೆ. ಎಂಟು ಚುಕ್ಕೆ ನಡುವಿನಿಂದ ಬಲಕ್ಕೆ, ಕಿರುಬೆರಳಿನ ಉಗುರಿನ ಅರ್ಧದಷ್ಟು. ನನಗೆ ನಂಬಲಿಕ್ಕೇ ಆಗಲಿಲ್ಲ. ಬಾಲ್ ಫೋಟೋ ತೆಗೆದಿಟ್ಟುಕೊಂಡಿದ್ದೇನೆ.

ಗಂಗಾವತಿ ಸೋನಾಮಸೂರಿ:
ತಲೆ ಇನ್ನೂ ಸ್ವಲ್ಪ ಬಗ್ಗಿಸು, ಗದ್ದ ಕ್ಯೂ ಮೇಲೆ ಬರಲಿ, ಕಣ್ಣಿಗೆ ನಡು ಸರಿಯಾಗಿ ಕಾಣುತ್ತದೆ. ಸ್ನೂಕರ್‌ನಲ್ಲಿ ಮೊದಲ ದಿನ ಹೇಳಿಕೊಡುವುದು ಇದನ್ನೇ. ಶಿಫ್ಟಿನವರೇ, ನೀವು ಬೇಕಾದರೆ ಆ ಶಾಫ್ಟ್ ನನಗೆ 15,000ಕ್ಕೆ ಕೊಡಿ, ನಮ್ಮ ಹುಡುಗರು ಪೂಲ್‌ಗೆ ಇಟ್ಟುಕೊಳ್ಳುತ್ತಾರೆ.

ತೋರಣಗಲ್ಲು ಸೆಕೆಂಡ್ ಶಿಫ್ಟ್:
ಶಾಫ್ಟ್ ಮಾರುವುದಿಲ್ಲ. ಪಶ್ಚಾತ್ತಾಪ ಇಲ್ಲ ಅಂತ ಮೊದಲೇ ಬರೆದಿದ್ದೇನೆ. ಇನ್ನೊಮ್ಮೆ ಕೇಳಬೇಡಿ.